ಕಂಬಳಿ ಹುಳುವೂ ಗಡಿಯ ದೀಪವೂ



ಮುಂಗಾರಿನ ಮೊದಲ ಹದಮಳೆ ಬಿದ್ದ ರಾತ್ರಿ ದೀಪಕ್ಕೆ ಮುತ್ತುವ ಬಿಳಿ ಪತಂಗವನ್ನು ರಾಯದುರ್ಗ, ಮಡಕಶಿರಾ ಕಡೆಯವರೆಲ್ಲ ಕಂಡೇ ಇರುತ್ತೀರಿ. ಅದರ ಮರಿಯೇ ಕಡಲೆಕಾಯಿ ಹೊಲವನ್ನು ಬೋಳಿಸುವ ಕೆಂಪು ಕಂಬಳಿ ಹುಳು. ತೆಲುಗಿನಲ್ಲಿ ಎರ್ರ ಗೊಂಗಳಿ ಪುರುಗು. ಗೊಂಗಳಿ ಎಂದರೂ ಕಂಬಳಿಯೇ! ಎರಡು ಭಾಷೆಯ ರೈತರೂ ಒಂದೇ ಹೆಸರಿಟ್ಟರು.

ಪತಂಗಗಳ ಗುರುತು ಹಿಡಿದು ಪುಸ್ತಕಕ್ಕೆ ಇಳಿಸಿದವರಲ್ಲಿ ಜಾರ್ಜ್ ಹ್ಯಾಂಪ್ಸನ್ ದೊಡ್ಡ ಹೆಸರು. ನೀಲಗಿರಿಯಲ್ಲಿ ಚಹಾ ತೋಟ ಮಾಡಲು ಬಂದವನಿಗೆ ಪತಂಗದ ಹವ್ಯಾಸ ಹತ್ತಿತು. ಬ್ರಿಟಿಷ್ ಇಂಡಿಯಾದ ಪತಂಗಗಳ ಮೇಲೆ ಆತ ಬರೆದ ನಾಲ್ಕು ಸಂಪುಟಗಳು 1892ರಿಂದ 1896ರೊಳಗೆ ಅಚ್ಚಾದವು. ಬಿಡುವಿನ ಹವ್ಯಾಸ ಬೇಸಾಯದ ವಿದ್ಯೆಗೂ ಆಸರೆಯಾಯಿತು.

ನಮ್ಮ ಪತಂಗದ ಗುರುತು ಸುಲಭ. ಮುಂದಿನ ರೆಕ್ಕೆ ಬಿಳಿ, ಮೇಲೆ ಕಂದು ಗೆರೆ, ಅಂಚಿಗೆ ಹಳದಿ ಪಟ್ಟಿ. ಹಿಂದಿನ ರೆಕ್ಕೆಯ ಮೇಲೆ ಕಪ್ಪು ಚುಕ್ಕೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮರಿ ಬಲಿತು ಮೈತುಂಬ ಕೂದಲು ಬಂದರೆ ಔಷಧಿಗೂ ಬಗ್ಗುವುದಿಲ್ಲ. ತಿಂದು ಮುಗಿಸಿ ಬದುವಿನ ಮಣ್ಣು ಸೇರಿ, ಕೋಶವಾಗಿ ಮುಂದಿನ ಮಳೆಯವರೆಗೆ ಮಲಗುತ್ತದೆ. ಆದ್ದರಿಂದ ಮೊಟ್ಟೆ ಇಡುವ ಮೊದಲೇ ಹಿಡಿಯಬೇಕು. ಹೊಲದಲ್ಲಿ ಲಾಟೀನು ತೂಗುಹಾಕಿ, ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ಬಾಣಲೆ ಇಡುವುದು, ಬದುವಿನಲ್ಲಿ ಬೆಂಕಿ ಹಾಕುವುದು, ಇವು ಹಳೆಯ ಉಪಾಯಗಳು.

ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ರಜೆಗೆ ಊರಿಗೆ ಬಂದಿದ್ದೆ. ನಮ್ಮವರು ಮೂರು ರಾತ್ರಿ ದೀಪ ಹಚ್ಚಿದರು. ಹುಡುಗರಿಗೆ ಅದೇ ಜಾತ್ರೆ. ಪಕ್ಕದ ಊರಿನವರು ಹಚ್ಚಲಿಲ್ಲ. ಕೆಲವು ವಾರಗಳಲ್ಲಿ ಹುಳು ದಂಡುಕಟ್ಟಿ ಅತ್ತಲಿಂದ ನಮ್ಮ ಹೊಲಕ್ಕೆ ನಡೆದು ಬಂತು. ಬೆಳೆ ಹೋಯಿತು, ಸಾಲ ಉಳಿಯಿತು. ಆಮೇಲೆ ಬ್ಯಾಂಕಿನ ಲೆಡ್ಜರಿನಲ್ಲಿ ಬಾಕಿ ಬರೆಯುವಾಗಲೆಲ್ಲ ಆ ಹೊಲ ನನ್ನ ಕಣ್ಣಮುಂದೆ ಬರುತ್ತಿತ್ತು.

1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯಾಯಿತು. ಗೆರೆಗಳು ಕಾಗದದ ಮೇಲೆ ಸರಿದವು. ಹುಳುವಿಗೆ ಮಾತ್ರ ಪಾವಗಡದ ಹೊಲವೂ ಒಂದೇ, ಮಡಕಶಿರಾದ ಹೊಲವೂ ಒಂದೇ.

ಹಾಗೆಂದು ಎಲ್ಲ ಪತಂಗವೂ ಶತ್ರುವಲ್ಲ. ರೇಷ್ಮೆ ಗೂಡು ಕಟ್ಟುವುದೂ ಪತಂಗದ ಮರಿಯೇ. ಈ ಸಲ ರಜೆಗೆ ಮೊಮ್ಮಕ್ಕಳು ಬಂದಾಗ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ, ಪಕ್ಕದಲ್ಲಿ ದೀಪವಿಡಿ. ಬಂದು ಕೂತವುಗಳ ಗುರುತು ಹೇಳಿಕೊಡಿ. ಮಳೆ ಬಿದ್ದ ಮೇಲೆ ಹೊಲದಲ್ಲೂ ದೀಪ ಹಚ್ಚಿ. ಹಚ್ಚುವ ಮೊದಲು ಆಚೆ ಊರಿಗೂ ಒಂದು ಮಾತು ಹೇಳಿ ಕಳಿಸಿ, ಕನ್ನಡದಲ್ಲಾಗಲಿ, ತೆಲುಗಿನಲ್ಲಾಗಲಿ.