ಹಳೆಯ ಲಾರಿಯ ಪಾಠಾಂತರಗಳು

೧೭೯೧ನೆಯ ಇಸವಿಯ ಮೇ ತಿಂಗಳಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಶ್ರೀರಂಗಪಟ್ಟಣದ ಸಮೀಪದವರೆಗೆ ಬಂದು, ಕೋಟೆಗೆ ಮುತ್ತಿಗೆ ಹಾಕದೆಯೇ ಹಿಂದಿರುಗಿತು. ಟಿಪ್ಪು ಸುಲ್ತಾನನ ದಂಡಿನ ಪ್ರತಿಭಟನೆ, ಮುಂಗಾರಿನ ಮಳೆ ಮೊದಲಾದ ಕಾರಣಗಳನ್ನು ಇತಿಹಾಸಕಾರರು ಹೇಳುತ್ತಾರೆ, ಅವೆಲ್ಲವೂ ನಿಜವೇ. ಆದರೆ ಆ ದಂಡಯಾತ್ರೆಯ ಸೊಂಟ ಮುರಿದದ್ದು ಎತ್ತುಗಳ ಸಾವಿನಿಂದ. ಮೇವಿಲ್ಲದೆ, ರೋಗ ತಗುಲಿ ಎತ್ತುಗಳು ಸಾಲುಸಾಲಾಗಿ ಬಿದ್ದವು. ಅಷ್ಟು ದೂರದಿಂದ ಎಳೆದು ತಂದಿದ್ದ ಭಾರಿ ತೋಪುಗಳನ್ನು ಎಳೆಯುವವರಿಲ್ಲದೆ ಕಾರ್ನ್‌ವಾಲಿಸನು ತಾನೇ ಹಾಳುಗೆಡವಿಸಿ ಹಿಮ್ಮೆಟ್ಟಬೇಕಾಯಿತು. ಮರುವರ್ಷ ಅವನು ಮತ್ತೆ ಬಂದಾಗ ಸ್ಥಿತಿ ಬೇರೆಯಾಗಿತ್ತು. ಲಂಬಾಣಿಗಳ ಹೇರೆತ್ತುಗಳ ಹಿಂಡುಗಳು ಅವನ ಪಾಳೆಯಕ್ಕೆ ದವಸಧಾನ್ಯವನ್ನು ಸಾಗಿಸುತ್ತಿದ್ದವು. ೧೭೯೨ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು.

ಶಾಲೆಯ ಹುಡುಗರಿಗೆ ಈ ಯುದ್ಧದ ಸೇನಾಪತಿಗಳ ಹೆಸರು ಬಾಯಿಪಾಠವಾಗಿರುತ್ತದೆ. ಆ ಎತ್ತುಗಳ ಹಗ್ಗ ಹಿಡಿದವರ ಒಂದು ಹೆಸರಾದರೂ ಯಾರಿಗೆ ಗೊತ್ತು? ಲೋಕದ ರೂಢಿಯೇ ಹೀಗೆ. ದೇವರ ರಥವನ್ನು ನಮ್ಮ ಹಿರಿಯರು ಹಂಪೆಯಲ್ಲಿ ಕಲ್ಲಿನಿಂದ ಕಡೆದು ಉಳಿಸಿದರು. ಆ ಕಲ್ಲನ್ನು ಗಣಿಯಿಂದ ಹೊತ್ತುತಂದ ಬಂಡಿ ಸೌದೆಯಾಗಿ ಒಲೆ ಸೇರಿತು. ಅರಸರ ಮೋಟಾರು ಕಾರುಗಳಿಗೆ ಇಂದು ವಸ್ತುಸಂಗ್ರಹಾಲಯದಲ್ಲಿ ಮೆರುಗೂ ನೆರಳೂ ಉಂಟು. ಲಾರಿಯ ಪಾಡು ಮಾತ್ರ ಹಾಗಲ್ಲ. ಅದು ಉಪಯುಕ್ತವಾದುದರಿಂದಲೇ ಉಳಿಯುವುದಿಲ್ಲ. ಕೊನೆಯ ಉಸಿರಿರುವವರೆಗೂ ದುಡಿಸಿ, ಆಮೇಲೆ ತೂಕದ ಲೆಕ್ಕದಲ್ಲಿ ಗುಜರಿಗೆ ಮಾರುವುದು ಅದರ ವಿಧಿ.

ಇಷ್ಟೆಲ್ಲ ಪೀಠಿಕೆಗೆ ಕಾರಣವುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಕಾರ್ಖಾನೆಯೊಂದರಲ್ಲಿ ಫಿಟ್ಟರು, ೧೯೬೭ರಲ್ಲಿ ನೋಂದಣಿಯಾದ ಟಾಟಾ ಮರ್ಸಿಡೀಸ್ ಬೆಂಜ್ ಲಾರಿಯೊಂದನ್ನು ಕೊಳ್ಳಬೇಕೆಂದಿದ್ದಾನೆ. ಬಾಡಿಗೆಗೆ ಓಡಿಸುವುದಕ್ಕಲ್ಲ, ರಜಾದಿನಗಳಲ್ಲಿ ತನ್ನ ಕೈಯಾರೆ ದುರಸ್ತಿ ಮಾಡಿ ಇಟ್ಟುಕೊಳ್ಳುವುದಕ್ಕೆ. ಅವನ ಮನೆಯವರು ಇದನ್ನು ಹುಚ್ಚೆಂದರು. “ಮೇಷ್ಟ್ರೇ, ನೀವೇನು ಹೇಳುತ್ತೀರಿ?” ಎಂದು ಅವನು ನನ್ನನ್ನು ಕೇಳಿದ. ಕನ್ನಡ ಪಂಡಿತನನ್ನು ಲಾರಿಯ ವಿಷಯ ಕೇಳುವುದು ತಮಾಷೆಯೇ ಸರಿ. ಆದರೆ ಆ ನೆವದಿಂದ ನಾನು ಓದಿ ತಿಳಿದದ್ದು ವಾಚಕರಿಗೂ ರುಚಿಸೀತೆಂದು ನಂಬಿದ್ದೇನೆ.

ಮೋಟಾರು ಲಾರಿಯ ಜನ್ಮವರ್ಷ ೧೮೯೬. ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಕುದುರೆಬಂಡಿಯಂಥದೇ ಒಂದು ಗಾಡಿಗೆ ಎರಡು ಸಿಲಿಂಡರಿನ, ನಾಲ್ಕು ಅಶ್ವಶಕ್ತಿಯ ಇಂಜಿನ್ನನ್ನು ಹೂಡಿದ. ಅದು ಹೊರುತ್ತಿದ್ದ ಹೇರು ೧,೫೦೦ ಕಿಲೋಗ್ರಾಂ. ಗಾಲಿಗಳಿಗೆ ಕಬ್ಬಿಣದ ಪಟ್ಟಿ, ರಬ್ಬರಿನ ಸುಳಿವಿರಲಿಲ್ಲ. ಮೊದಲ ಗಿರಾಕಿ ಲಂಡನ್ನಿನ ಒಂದು ಸಂಸ್ಥೆ. ಅಲ್ಲಿಂದ ಮುಂದೆ ಕಾಲು ಶತಮಾನ ಲಾರಿ ಪೆಟ್ರೋಲನ್ನು ಕುಡಿಯುತ್ತಿತ್ತು. ಅಗ್ಗದ ಎಣ್ಣೆಯಲ್ಲಿ ಹೆಚ್ಚು ಭಾರ ಎಳೆಯುವ ಡೀಸೆಲ್ ಯಂತ್ರವನ್ನು ರುಡಾಲ್ಫ್ ಡೀಸೆಲ್ ೧೮೯೭ರ ಹೊತ್ತಿಗೇ ನಡೆಸಿ ತೋರಿಸಿದ್ದನಾದರೂ ಅದು ಕಟ್ಟಡದಷ್ಟು ದೊಡ್ಡದು, ಗಾಡಿಗೆ ಹೊಂದುವಂಥದಲ್ಲ. ಇಂಧನವನ್ನು ಮೊದಲು ಒಂದು ಪುಟ್ಟ ಪೂರ್ವಕೋಷ್ಠದಲ್ಲಿ ಹೊತ್ತಿಸಿ, ಆ ಜ್ವಾಲೆಯನ್ನು ಸಿಲಿಂಡರಿಗೆ ನುಗ್ಗಿಸುವ ಉಪಾಯದಿಂದ ೧೯೨೩ರಲ್ಲಿ ಬೆಂಜ್ ಕಂಪನಿ ಡೀಸೆಲ್ ಲಾರಿಯನ್ನು ರಸ್ತೆಗೆ ತಂದಿತು. ೧೯೨೬ರಲ್ಲಿ ಡೈಮ್ಲರ್ ಮತ್ತು ಬೆಂಜ್ ಕಂಪನಿಗಳು ಒಂದಾದವು. ಎರಡನೆಯ ಮಹಾಯುದ್ಧದಲ್ಲಿ ಸೋತು ನೆಲಕಚ್ಚಿದ್ದ ದೇಶದಲ್ಲಿ, ೧೯೪೯ರಲ್ಲಿ, ಈ ಕಂಪನಿ ಆರು ಸಿಲಿಂಡರಿನ, ೯೦ ಅಶ್ವಶಕ್ತಿಯ ಹೊಸ ಡೀಸೆಲ್ ಇಂಜಿನ್ನಿನ ಲಾರಿಯನ್ನು ಹೊರತಂದಿತು. ನಮ್ಮ ಕಥೆಯ ಲಾರಿ ಅದರ ವಂಶದ್ದು.

ಅದೇ ಕಾಲಕ್ಕೆ ನಮ್ಮ ದೇಶದ ಸ್ಥಿತಿ ಹೇಗಿತ್ತು? ಯುದ್ಧ ಮುಗಿದೊಡನೆ ಸೈನ್ಯದವರು ಹರಾಜಿಗೆ ಹಾಕಿದ ಅಮೆರಿಕದ ಲಾರಿಗಳೇ ಎಷ್ಟೋ ಸಾಗಾಣಿಕೆದಾರರ ಮೊದಲ ಬಂಡವಾಳವಾದವು. ಉಳಿದಂತೆ ಹೊರಗಿನಿಂದ ಬಿಡಿಭಾಗ ತರಿಸಿ ಜೋಡಿಸುವ ಕೆಲಸ. ಜನರಲ್ ಮೋಟಾರ್ಸ್ ಕಂಪನಿ ೧೯೨೮ರಿಂದ ಮುಂಬಯಿಯಲ್ಲಿ ಅದನ್ನೇ ಮಾಡುತ್ತಿತ್ತು. ಇಲ್ಲೇ ತಯಾರಿಸುವವರಿಗೆ ಮಾತ್ರ ಇಲ್ಲಿ ಎಡೆಯೆಂದು ೧೯೫೩ರಲ್ಲಿ ಸರ್ಕಾರ ನಿಶ್ಚಯಿಸಿದ ಮೇಲೆ ಅದು ಬಾಗಿಲು ಮುಚ್ಚಿತು. ಆ ತೆರವಿನಲ್ಲಿ ಮುಂದೆ ಬಂದವರು ಇಬ್ಬರು. ಮದರಾಸಿನ ಅಶೋಕ್ ಮೋಟಾರ್ಸ್ ಇಂಗ್ಲೆಂಡಿನ ಲೇಲ್ಯಾಂಡಿನೊಡನೆ ಸೇರಿ ೧೯೫೫ರಲ್ಲಿ ಅಶೋಕ್ ಲೇಲ್ಯಾಂಡ್ ಎನಿಸಿತು. ಇನ್ನೊಬ್ಬರು ಜಮ್‌ಷೆಡ್‌ಪುರದ ಟೆಲ್ಕೋ. ರೈಲ್ವೆ ಇಂಜಿನ್ನು ಕಟ್ಟಲೆಂದು ೧೯೪೫ರಲ್ಲಿ ಹುಟ್ಟಿದ ಈ ಸಂಸ್ಥೆ ೧೯೫೪ರಲ್ಲಿ ಡೈಮ್ಲರ್-ಬೆಂಜ್ ಕಂಪನಿಯೊಡನೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಮೊದಲ ಲಾರಿ ಹೊರಬಿದ್ದಿತು. ೧೯೬೧ರಲ್ಲಿ ಸಿಂಹಳಕ್ಕೆ ರಫ್ತು ಮಾಡುವಷ್ಟು ಬೆಳೆದರು.

ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರ ಧರಿಸಿ ಬಂದ ಈ ವಾಹನವನ್ನು ನಮ್ಮ ಜನ ‘ಬೆಂಜ್ ಲಾರಿ’ ಎಂದರು. ನೆಲ, ಜಲ, ಆಕಾಶ ಮೂರಕ್ಕೂ ಇಂಜಿನ್ನು ಒದಗಿಸುವ ಹಂಬಲವನ್ನು ಆ ಮೂರು ಮೊನೆಗಳು ಸೂಚಿಸುತ್ತವೆಯೆಂದು ಕಂಪನಿಯ ವ್ಯಾಖ್ಯಾನ. ಈಗ ಆ ಚಿಹ್ನೆಯನ್ನು ಸಿರಿವಂತರ ಕಾರುಗಳಲ್ಲಿ ಕಾಣುವ ಹುಡುಗರಿಗೆ, ಒಂದಾನೊಂದು ಕಾಲದಲ್ಲಿ ಅದು ಕಬ್ಬು, ಹೆಂಚು, ಭತ್ತದ ಮೂಟೆ ಹೊತ್ತು ಹಳ್ಳಿಗೆ ಬರುತ್ತಿತ್ತೆಂದರೆ ನಂಬಿಕೆಯೇ ಬರುವುದಿಲ್ಲ. ನಮ್ಮ ರಾಜ್ಯದ ಕೈಯೂ ಇದರಲ್ಲಿದೆ. ಡೀಸೆಲ್ ಇಂಜಿನ್ನಿನ ಪ್ರಾಣವಿರುವುದು ಎಣ್ಣೆಯನ್ನು ಅಳೆದು, ಒತ್ತಿ, ಹನಿಯಾಗಿ ಸಿಡಿಸುವ ಪಂಪಿನಲ್ಲಿ. ಅಂಥ ಪಂಪುಗಳನ್ನು ತಯಾರಿಸಿದ ‘ಮೈಕೋ’ ಸಂಸ್ಥೆ ೧೯೫೧ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆಯಿತು. ಗ್ಯಾರೇಜಿನ ಮೇಸ್ತ್ರಿಗಳ ಬಾಯಲ್ಲಿ ಮೈಕೋ ಎಂಬುದು ಪಂಪಿಗೇ ಪರ್ಯಾಯಪದವಾಗಿ ಹೋಯಿತು.

ಕಾರ್ಖಾನೆಯಿಂದ ಲಾರಿ ಪೂರ್ಣರೂಪದಲ್ಲಿ ಬರುತ್ತಿರಲಿಲ್ಲವೆಂಬುದು ಇಲ್ಲಿ ಮುಖ್ಯ. ಚಾಸಿ, ಇಂಜಿನ್ನು, ಮುಂದಿನ ಮುಖ, ಇಷ್ಟೇ ಬರುತ್ತಿದ್ದುದು. ಎಷ್ಟೋ ಸಲ ಚಾಲಕನು ಬರಿಯ ಚಾಸಿಯ ಮೇಲೆ ತಾತ್ಕಾಲಿಕ ಪೀಠ ಹಾಕಿಕೊಂಡು, ಬಿಸಿಲಲ್ಲಿ ನೂರಾರು ಮೈಲಿ ಓಡಿಸಿ ತರುತ್ತಿದ್ದನು. ಆಮೇಲೆ ಬಡಗಿ, ಕಮ್ಮಾರ, ಬಣ್ಣಗಾರರ ಸರದಿ. ಕ್ಯಾಬಿನ್ನು, ಹಲಗೆಯ ಪಕ್ಕಗಳು, ಮೇಲಿನ ಅಡ್ಡ, ಹಿಂದಿನ ಬರಹ ಎಲ್ಲವೂ ಅವರ ಕೈಗೆಲಸ. ತಮಿಳುನಾಡಿನ ನಾಮಕ್ಕಲ್ ಈ ಕಸುಬಿನಿಂದಲೇ ಹೆಸರಾಯಿತು. ಹೀಗಾಗಿ ಒಂದೇ ದಿನ ಕಾರ್ಖಾನೆ ಬಿಟ್ಟ ಎರಡು ಲಾರಿಗಳು ಒಂದನ್ನೊಂದು ಹೋಲುತ್ತಿರಲಿಲ್ಲ.

ಇಲ್ಲಿಗೆ ಬಂದಾಗ ನನ್ನ ಪಂಡಿತವೃತ್ತಿ ಎಚ್ಚತ್ತಿತು. ನನ್ನ ಶಿಷ್ಯನು ಲಾರಿಯನ್ನು ‘ಮೂಲರೂಪ’ಕ್ಕೆ ತರಬೇಕೆನ್ನುತ್ತಾನೆ. ಯಾವುದು ಮೂಲ? ಓಲೆಗರಿಯ ಗ್ರಂಥವನ್ನು ಸಂಪಾದಿಸುವವನಿಗೆ ಇದು ಹಳೆಯ ಪ್ರಶ್ನೆ. ಕವಿಯ ಸ್ವಹಸ್ತದ ಪ್ರತಿ ನಮಗೆ ಸಿಕ್ಕುವುದೇ ಇಲ್ಲ. ಲಿಪಿಕಾರರ ಕೈಯಿಂದ ಕೈಗೆ ದಾಟಿದ ಪ್ರತಿಗಳಲ್ಲಿ ಕೆಲವು ಪಾಠಾಂತರ, ಕೆಲವು ಪ್ರಕ್ಷೇಪ. ಒಳ್ಳೆಯ ಸಂಪಾದಕನು ತನಗೆ ಸೊಗಸೆನಿಸಿದ್ದನ್ನು ತಾನೇ ಬರೆದು ಸೇರಿಸುವುದಿಲ್ಲ. ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ.

ಶಿಷ್ಯನ ಲಾರಿಯಲ್ಲಿ ಇಂಥ ಒಂದು ಪಾಠಾಂತರ ಕಣ್ಣಿಗೆ ಹೊಡೆಯುವಂತಿದೆ. ದಾಖಲೆಯ ಪ್ರಕಾರ ಅದು ೧೯೬೭ರದು. ಅಂದರೆ ಮೂತಿಯ ಮೇಲೆ ನಕ್ಷತ್ರವಿರಬೇಕು. ಆದರೆ ಈಗ ಅಲ್ಲಿರುವುದು ‘ಟಿ’ ಅಕ್ಷರ. ೧೯೬೯ರಲ್ಲಿ ಒಪ್ಪಂದ ಮುಗಿದ ಮೇಲೆ ಟೆಲ್ಕೋದವರು ನಕ್ಷತ್ರವನ್ನು ತೆಗೆದು ತಮ್ಮ ‘ಟಿ’ಯನ್ನು ಇಟ್ಟರು, ಯಾವಾಗಲೋ ಮುಂಭಾಗ ಜಖಂ ಆದಾಗ ಮಾಲೀಕನು ಹೊಸ ಜಾಲರಿಯನ್ನು ತಂದು ಹಾಕಿಸಿರಬೇಕು. ಪೇಟೆಯಲ್ಲಿ ನಕ್ಷತ್ರ ಸಿಗುತ್ತದೆ, ಕೊಂಡು ಕೂರಿಸುತ್ತೇನೆ ಎಂದು ಹುಡುಗನ ಉತ್ಸಾಹ. ನನ್ನ ಅಭಿಪ್ರಾಯ ಬೇರೆ. ವಿದೇಶದ ಗುರುವಿನಿಂದ ವಿದ್ಯೆ ಕಲಿತು, ಅವಧಿ ಮುಗಿದೊಡನೆ ಸ್ವಂತ ಹೆಸರಿನಲ್ಲಿ ನಿಂತ ಒಂದು ಉದ್ಯಮದ ಚರಿತ್ರೆ ಆ ಒಂದೇ ಅಕ್ಷರದಲ್ಲಿದೆ. ಅದನ್ನು ಕಿತ್ತು ನಕ್ಷತ್ರವಿಟ್ಟರೆ ನೋಟಕ್ಕೆ ಚೆಂದ, ಸಾಕ್ಷಿಗೆ ಲೋಪ. ಕ್ಯಾಬಿನ್ನಿನ ಮರವಂತೂ ಅರ್ಧ ಗೊರಲೆ ತಿಂದಿದೆಯಂತೆ. ಅದನ್ನು ಬದಲಾಯಿಸಲೇಬೇಕು. ಆದರೆ ಕೀಳುವ ಮೊದಲು ಪ್ರತಿಯೊಂದು ಹಲಗೆಯ ಅಳತೆ ಬರೆದುಕೋ, ಚಿತ್ರ ತೆಗೆ, ಹಳೆಯ ಬಣ್ಣದ ಪದರಗಳನ್ನು ಒಂದು ಮೂಲೆಯಲ್ಲಾದರೂ ಕೆರೆಯದೆ ಬಿಡು ಎಂದು ಹೇಳಿದ್ದೇನೆ.

ಯಂತ್ರದ ಭಾಗಕ್ಕೆ ಬಂದರೆ ನನ್ನ ಮಾತಿಗಿಂತ ಮೇಸ್ತ್ರಿಗಳ ಮಾತೇ ಪ್ರಮಾಣ. ಅವರನ್ನು ವಿಚಾರಿಸಿ ತಿಳಿದುಕೊಂಡ ಕೆಲವನ್ನು ಹೇಳುತ್ತೇನೆ. ಮೊದಲು ನೋಡಬೇಕಾದ್ದು ಚಾಸಿಯ ತೊಲೆಗಳನ್ನು. ಇಂಜಿನ್ನಿಗೆ ಔಷಧವುಂಟು, ಬಿರುಕುಬಿಟ್ಟು ತುಕ್ಕು ತಿಂದ ಚಾಸಿಗೆ ಇಲ್ಲ. ಚಾಸಿಯ ಮೇಲೆ ಕೊರೆದ ಸಂಖ್ಯೆ ದಾಖಲೆಯ ಸಂಖ್ಯೆಗೆ ಅಕ್ಷರಶಃ ತಾಳೆಯಾಗಬೇಕು. ಹೆಚ್ಚಿನವರು ಬಣ್ಣದಿಂದ ಆರಂಭಿಸುತ್ತಾರೆ, ಆರಂಭಿಸಬೇಕಾದ್ದು ಬ್ರೇಕಿನಿಂದ. ಹಳೆಯ ಬ್ರೇಕು ಪಟ್ಟಿಗಳಲ್ಲಿ ಕಲ್ನಾರು ಇರುತ್ತಿತ್ತಾದ್ದರಿಂದ ಅದರ ಧೂಳನ್ನು ಊದಬಾರದು. ಶ್ವಾಸಕೋಶಕ್ಕೆ ಅದು ವಿಷ. ಗಾಲಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಲಾರಿಯ ಟಯರನ್ನು ಚಕ್ರಕ್ಕೆ ಹಿಡಿದಿಡುವುದು ಒಂದು ಉಕ್ಕಿನ ಬಳೆ. ಅದು ಸರಿಯಾಗಿ ಕೂರದೆ ಗಾಳಿ ತುಂಬಿದರೆ ಗುಂಡಿನಂತೆ ಹಾರುತ್ತದೆ. ಅದರಿಂದ ಪ್ರಾಣ ಕಳೆದುಕೊಂಡವರುಂಟು. ಪಂಜರದೊಳಗಿಟ್ಟು ಗಾಳಿ ಹೊಡೆಯುವ ಅಂಗಡಿಯವರಿಗೇ ಆ ಕೆಲಸ ಬಿಡಬೇಕು.

ಇನ್ನು ಕಾನೂನು. ೨೦೨೧ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪುರಾತನ ಮೋಟಾರು ವಾಹನಗಳಿಗೆಂದು ನಿಯಮ ಹೊರಡಿಸಿತು. ಐವತ್ತು ವರ್ಷ ಮೀರಿ, ಮೂಲರೂಪದಲ್ಲಿ ಉಳಿದ ವಾಹನಕ್ಕೆ ಪ್ರತ್ಯೇಕ ನೋಂದಣಿ. ಪ್ರದರ್ಶನಕ್ಕೆ, ದುರಸ್ತಿಗೆ ಓಡಿಸಬಹುದು, ನಿತ್ಯದ ಬಳಕೆಗೆ ಕೂಡದು. ಒಳ್ಳೆಯ ನಿಯಮವೇ. ಆದರೆ ಅದು ಮಾತನಾಡುವುದು ಎರಡು ಗಾಲಿಯ ಮತ್ತು ನಾಲ್ಕು ಗಾಲಿಯ ವಾಹನಗಳನ್ನು ಕುರಿತು, ಅದರಲ್ಲೂ ಸ್ವಂತ ಬಳಕೆಯವನ್ನು. ಹಿಂದೆ ಜೋಡಿ ಗಾಲಿಯಿರುವ, ಹುಟ್ಟಿದಂದಿನಿಂದ ಬಾಡಿಗೆಗೇ ದುಡಿದ ಲಾರಿ ನಿಯಮ ಬರೆದವರ ಕಣ್ಣಮುಂದೆ ಇದ್ದಂತೆ ಕಾಣುವುದಿಲ್ಲ. ರಥಕ್ಕೂ ಬಂಡಿಗೂ ಇದ್ದ ಭೇದ ಇಲ್ಲಿಯೂ ಬಂದಿತಲ್ಲ! ಅದಕ್ಕಾಗಿ, ಹಣ ಕೊಡುವ ಮೊದಲೇ ಆರ್.ಟಿ.ಓ. ಕಚೇರಿಗೆ ಹೋಗಿ, ಬಾಕಿ ತೆರಿಗೆ ಎಷ್ಟು, ನೋಂದಣಿ ಜೀವಂತವಿದೆಯೆ, ರಸ್ತೆಯ ಮೇಲೆ ತರಬಹುದೆ ಎಂಬುದನ್ನು ಬರಹದಲ್ಲಿ ಪಡೆಯುವುದು ಲೇಸು. ಇಪ್ಪತ್ತು ಅಡಿ ಮೀರಿದ ಈ ವಾಹನವನ್ನು ಮಳೆಗಾಲದಲ್ಲಿ ಎಲ್ಲಿ ನಿಲ್ಲಿಸುತ್ತಾನೆಂಬುದಕ್ಕೂ ಉತ್ತರ ಬೇಕು. ಗೃಹಿಣಿಯ ಆಕ್ಷೇಪಣೆ ಇರುವುದೂ ಅಲ್ಲೇ, ನ್ಯಾಯವಾಗಿಯೂ ಇದೆ.

ಇಂಗ್ಲೆಂಡಿನವರು ಈ ವಿಷಯದಲ್ಲಿ ಮೊದಲೇ ಎಚ್ಚತ್ತರು. ಹಳೆಯ ಲಾರಿ ಬಸ್ಸುಗಳ ಅಭಿಮಾನಿಗಳು ೧೯೫೮ರಲ್ಲಿ ಸಂಘ ಕಟ್ಟಿದರು. ೧೯೬೨ರಿಂದ ಲಂಡನ್ನಿನಿಂದ ಬ್ರೈಟನ್ನಿಗೆ ಮೆರವಣಿಗೆ ಹೊರಡಿಸಿದರು. ಲೇಲ್ಯಾಂಡ್ ಊರಿನಲ್ಲಿ ೧೯೮೩ರಿಂದ ಇಂಥ ವಾಹನಗಳಿಗೇ ಮೀಸಲಾದ ವಸ್ತುಸಂಗ್ರಹಾಲಯವಿದೆ. ನಮ್ಮಲ್ಲಿ ಹರಿಯಾಣದ ತಾವಡೂವಿನಲ್ಲಿ ೨೦೧೩ರಲ್ಲಿ ತೆರೆದ ಸಂಗ್ರಹಾಲಯವೊಂದು ಕಾರುಗಳ ಜೊತೆಗೆ ಎತ್ತಿನ ಗಾಡಿ, ಪಲ್ಲಕ್ಕಿ, ಬಸ್ಸುಗಳಿಗೂ ಜಾಗ ಕೊಟ್ಟಿದೆ. ಧರ್ಮಸ್ಥಳದ ಮಂಜೂಷಾದಲ್ಲಿ ಹಳೆಯ ಕಾರುಗಳನ್ನು ಕಂಡು ಸಂತೋಷಪಟ್ಟವರು ಅನೇಕರು.

ಕಬ್ಬಿಣವನ್ನು ಹೇಗಾದರೂ ಉಳಿಸಬಹುದು. ಅದನ್ನು ನಡೆಸಿದ ವಿದ್ಯೆಯ ಗತಿಯೇನು? ಸ್ಟಿಯರಿಂಗಿಗೆ ಯಂತ್ರದ ಸಹಾಯವಿಲ್ಲದ ದಿನಗಳಲ್ಲಿ ತುಂಬಿದ ಲಾರಿಯನ್ನು ಘಾಟಿಯ ತಿರುವಿನಲ್ಲಿ ಹೊರಳಿಸಲು ಎರಡು ತೋಳಿನ ಪೂರ್ಣ ಬಲ ಬೇಕಾಗುತ್ತಿತ್ತು. ಗೇರು ಬದಲಾಯಿಸಲು ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಇಂಜಿನ್ನಿನ ಸದ್ದನ್ನು ಕಿವಿಯಿಂದಲೇ ಅಳೆಯಬೇಕಾಗಿತ್ತು. ಏರಿನಲ್ಲಿ ನಿಂತರೆ ಕ್ಲೀನರ್ ಹುಡುಗ ಹಾರಿಳಿದು ಹಿಂಗಾಲಿಗೆ ಕಲ್ಲು ಕೊಡುತ್ತಿದ್ದ. ಒಂದು ಕ್ಷಣ ತಡವಾದರೆ ಎಲ್ಲರೂ ಕಂದಕಕ್ಕೆ. ಇಂಜಿನ್ನಿನ ಕಾವು, ಹೊಗೆ, ನಿದ್ದೆಗೇಡು, ಮನೆಯಿಂದ ವಾರಗಟ್ಟಲೆ ದೂರ. ಹೊಸ ಭಾರಿ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ತಂಪುಯಂತ್ರ ಕಡ್ಡಾಯವಾದದ್ದು ೨೦೨೫ರಲ್ಲಿ. ಡೈಮ್ಲರನ ಮೊದಲ ಲಾರಿಯಿಂದ ಎಣಿಸಿದರೆ ನೂರ ಇಪ್ಪತ್ತೊಂಬತ್ತು ವರ್ಷದ ತರುವಾಯ. ಆ ಹಳೆಯ ಚಾಲಕರಲ್ಲಿ ಹಲವರು ಈಗ ಎಂಬತ್ತು ದಾಟಿದವರು. ಅವರು ಏನನ್ನೂ ಬರೆದಿಟ್ಟಿಲ್ಲ, ನಾವೂ ಕೇಳಿಲ್ಲ.

ಶಿಷ್ಯನು ಕೊಳ್ಳಬೇಕೆಂದಿರುವ ಲಾರಿಯನ್ನು ಮೊದಲು ಓಡಿಸುತ್ತಿದ್ದ ಚಾಲಕರು ಪಕ್ಕದ ತಾಲ್ಲೂಕಿನಲ್ಲಿ ಇನ್ನೂ ಇದ್ದಾರಂತೆ. ಕಣ್ಣು ಮಂದವಾಗಿದೆ, ನೆನಪು ಚೆನ್ನಾಗಿದೆ ಎಂದು ಮಾರುವವರೇ ಹೇಳಿದ್ದಾರೆ. ಮುಂದಿನ ಭಾನುವಾರ ಲಾರಿಯ ಹತ್ತಿರ ಹೋಗುವ ಮೊದಲು ಆ ಹಿರಿಯರ ಮನೆಗೆ ಹೋಗಪ್ಪಾ, ಒಂದು ನೋಟು ಪುಸ್ತಕವನ್ನೂ ತೆಗೆದುಕೊಂಡು ಹೋಗು ಎಂದು ಹೇಳಿದ್ದೇನೆ.