ಕತ್ತರಿಯ ಹೊಣೆ



ಬೀದರ್, ಭಾಲ್ಕಿ, ಔರಾದ್ ಕಡೆಯ ಶಾಲೆ-ಕಾಲೇಜುಗಳಲ್ಲಿ ಓದುತ್ತಿರುವ ನಿಮ್ಮಲ್ಲಿ ಕೆಲವರಿಗಾದರೂ ಪರಿಸರ ಉಳಿಸುವ ಪ್ರಚಾರಕ್ಕಾಗಿ ಕಿರುಚಿತ್ರ ಮಾಡುವ ಆಸೆ ಇದ್ದೀತು. ಚಿತ್ರೀಕರಣಕ್ಕೆ ಮೊಬೈಲ್ ಸಾಕು. ಆದರೆ ತೆಗೆದ ಎರಡು ಗಂಟೆಯ ದೃಶ್ಯಗಳಲ್ಲಿ ಯಾವ ಐದು ನಿಮಿಷ ಉಳಿಯಬೇಕು? ಯಾವುದರ ಪಕ್ಕದಲ್ಲಿ ಯಾವುದು ಬರಬೇಕು? ಈ ಆಯ್ಕೆ ಮತ್ತು ಜೋಡಣೆಯ ಕೆಲಸಕ್ಕೆ ಸಂಕಲನ ಎಂದು ಹೆಸರು. ಅದರ ಇತಿಹಾಸದಲ್ಲಿ ನಮಗೆ ಬೇಕಾದ ಪಾಠವೊಂದಿದೆ.

1920ರ ಸುಮಾರಿಗೆ ರಷ್ಯಾದ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದರು. ಭಾವವಿಲ್ಲದ ನಟನ ಮುಖವೊಂದನ್ನು ಒಮ್ಮೆ ಸಾರಿನ ಬಟ್ಟಲಿನ ಪಕ್ಕದಲ್ಲಿ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿ ಜೋಡಿಸಿ ತೋರಿಸಿದರು. ನೋಡಿದವರಿಗೆ ಮೊದಲು ಹಸಿವು ಕಂಡಿತು, ಆಮೇಲೆ ದುಃಖ ಕಂಡಿತು. ಮುಖ ಮಾತ್ರ ಅದೇ! ಅರ್ಥ ಹುಟ್ಟಿದ್ದು ಜೋಡಣೆಯಲ್ಲಿ.

ಈ ಶಕ್ತಿಯ ದುರುಪಯೋಗವೂ ಆಯಿತು. 1958ರಲ್ಲಿ ಡಿಸ್ನಿ ಸಂಸ್ಥೆಯ ‘ವೈಟ್ ವೈಲ್ಡರ್‌ನೆಸ್’ ಎಂಬ ಚಿತ್ರ ಬಂತು. ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಗುಂಪಾಗಿ ಕಡಿದಾದ ದಡದಿಂದ ನೀರಿಗೆ ಬಿದ್ದು ಸಾಯುವುದನ್ನು ಅದು ತೋರಿಸಿತು. ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ದೊರೆಯಿತು. 1980ರ ದಶಕದಲ್ಲಿ ಕೆನಡಾದ ಟೆಲಿವಿಷನ್ ತನಿಖೆ ನಡೆಸಿದಾಗ ನಿಜ ಹೊರಬಿತ್ತು: ಪ್ರಾಣಿಗಳನ್ನು ಬೇರೆಡೆಯಿಂದ ತಂದು, ದಡದಿಂದ ತಳ್ಳಿ, ಜಾಣತನದಿಂದ ಜೋಡಿಸಲಾಗಿತ್ತು. ಆದರೂ ಲೆಮ್ಮಿಂಗ್‌ಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ತಪ್ಪು ನಂಬಿಕೆ ಇಂದಿಗೂ ಪೂರ್ತಿ ಅಳಿದಿಲ್ಲ.

ಇದಕ್ಕೆ ಎದುರಾಗಿ ನಮ್ಮ ನಾಡಿನದೇ ಒಂದು ಉದಾಹರಣೆ ನೋಡೋಣ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಕಾಡಿನ ನಡುವೆ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು. ಅಲ್ಲಿ ಮಳೆ ಬಹಳ. ಅಗೆದ ಗುಡ್ಡದ ಮಣ್ಣು ಮಳೆಯಲ್ಲಿ ಕೊಚ್ಚಿ ಭದ್ರಾ ನದಿಗೆ ಸೇರುತ್ತಿತ್ತು. 2001ರಲ್ಲಿ ಶೇಖರ್ ದತ್ತಾತ್ರಿಯವರು ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಕಿರುಚಿತ್ರವನ್ನು ‘ವೈಲ್ಡ್‌ಲೈಫ್ ಫಸ್ಟ್’ ಸಂಸ್ಥೆಯ ಹೋರಾಟಕ್ಕಾಗಿ ಮಾಡಿಕೊಟ್ಟರು. ಮೇಲಿನ ಗುಡ್ಡಕ್ಕೂ ಕೆಳಗಿನ ನದಿಗೂ ಇರುವ ಸಂಬಂಧವನ್ನು ಜನರ ಕಣ್ಣಿಗೆ ಕಾಣಿಸುವುದು ಅದರ ಕೆಲಸವಾಗಿತ್ತು. ಕೆ. ಎಂ. ಚಿಣ್ಣಪ್ಪನವರ ಹೆಸರಿನ ಮೊಕದ್ದಮೆಯಲ್ಲಿ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು. ಚಿತ್ರವೊಂದರಿಂದಲೇ ಹೀಗಾಯಿತೆಂದು ಹೇಳಲಾಗದು. ಹೂಳಿನ ಅಳತೆ, ದಾಖಲೆಗಳು, ವಕೀಲರ ಶ್ರಮ ಎಲ್ಲವೂ ಸೇರಿದ್ದವು. ಗುಡ್ಡ ಮತ್ತು ನದಿಯ ನಂಟನ್ನು ಯಾರು ಬೇಕಾದರೂ ಸ್ಥಳಕ್ಕೆ ಹೋಗಿ ಪರೀಕ್ಷಿಸಬಹುದಿತ್ತು. ಹೋರಾಟದ ಚಿತ್ರಕ್ಕೆ ಅದಕ್ಕಿಂತ ದೊಡ್ಡ ಬಲ ಬೇರಿಲ್ಲ.

ಈಗ ನಿಮ್ಮ ಊರಿಗೆ ಬನ್ನಿ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ. ಇದನ್ನು ಕರೇಜ್ ಎಂದೂ ಕರೆಯುತ್ತಾರೆ. ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ಮಳೆನೀರನ್ನು ನೆಲದೊಳಗಿನ ಕಾಲುವೆಯಲ್ಲಿ ಹರಿಸುವ ಪರ್ಷಿಯಾದ ವಿದ್ಯೆ ಇದು. ಬೀದರ್ ನಗರ 2014ರ ವಿಶ್ವ ಸ್ಮಾರಕ ನಿಧಿಯ ಪಟ್ಟಿಗೆ ಸೇರಿತು. ಅನಂತರದ ವರ್ಷಗಳಲ್ಲಿ ಸುರಂಗದ ಹೂಳನ್ನೂ ತೆಗೆಯಲಾಯಿತು. ಇದರ ಚಿತ್ರ ಮಾಡುವಾಗ ಬರೀ ಸುರಂಗದ ಕತ್ತಲು-ಬೆಳಕು ತೋರಿಸಿದರೆ ಅದು ಪ್ರವಾಸದ ಚಿತ್ರವಾದೀತು. ಮೇಲಿನ ನೆಲಕ್ಕೆ ಬೀಳುವ ಮಳೆ, ಗಾಳಿಬಾವಿಯ ಬಾಯಿ, ಒಳಗಿನ ಹರಿವು, ಹೊರಬರುವ ನೀರು, ಇವನ್ನು ಅನುಕ್ರಮವಾಗಿ ಜೋಡಿಸಿ. ಮೇಲಿನ ನೆಲ ಮುಚ್ಚಿದರೆ ಕೆಳಗಿನ ನೀರು ಬತ್ತುತ್ತದೆಂದು ನೋಡುವವರು ತಾವೇ ತಿಳಿಯುತ್ತಾರೆ.

ಭಾಲ್ಕಿ ತಾಲೂಕಿನ ಕಾರಂಜಾ ಜಲಾಶಯದ ಬಗ್ಗೆ ಚಿತ್ರ ಮಾಡುವಿರಾ? ಹಾಗಾದರೆ ಬೇರೆ ಕೆರೆಯ ಬಿರುಕುಬಿಟ್ಟ ತಳವನ್ನು ತಂದು ಅಂಟಿಸಬೇಡಿ. ಯಾವ ತಿಂಗಳಲ್ಲಿ, ಎಲ್ಲಿ ತೆಗೆದ ದೃಶ್ಯವೆಂದು ತೆರೆಯ ಮೇಲೆ ಬರೆಯಿರಿ. ಔರಾದ್ ಕಡೆಯ ಹೊಲಗಳಲ್ಲಿ ಕೃಷ್ಣಮೃಗಗಳನ್ನು ಚಿತ್ರಿಸಿದಾಗ, “ಚಂದ ಅದಾವ ಖರೆ, ಆದ್ರ ನಮ್ ತೊಗರಿ ತಿಂತಾವ” ಎಂದು ರೈತನೊಬ್ಬ ಹೇಳಬಹುದು. ಎರಡನೆಯ ಮಾತನ್ನು ಕತ್ತರಿಸುವ ಆಸೆ ನಿಮಗೆ ಹುಟ್ಟುತ್ತದೆ. ಕತ್ತರಿಸಿದರೆ ಚಿತ್ರ ಅಂದವಾದೀತು. ಆದರೆ ಆ ಊರಿನವರು ನಿಮ್ಮನ್ನು ಮತ್ತೆ ನಂಬಲಾರರು. ಅವರ ಒಪ್ಪಿಗೆಯಿಲ್ಲದೆ ಮೃಗಗಳು ಉಳಿಯುವುದಾದರೂ ಹೇಗೆ?

ಹಿಂದೆ ಫಿಲ್ಮನ್ನು ಕತ್ತರಿಯಿಂದ ಕತ್ತರಿಸಿ ಅಂಟಿಸುತ್ತಿದ್ದರು. ವಿಡಿಯೋ ಟೇಪಿನ ಕಾಲದಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲು ಮಾಡುತ್ತಿದ್ದರು. ನಡುವೆ ತಪ್ಪಾದರೆ ಮುಂದಿನದನ್ನೆಲ್ಲ ಮತ್ತೆ ಜೋಡಿಸಬೇಕಿತ್ತು. ಆದ್ದರಿಂದ ಕತ್ತರಿಸುವ ಮೊದಲು ಯೋಚಿಸುತ್ತಿದ್ದರು. ಇಂದು ಬೆರಳ ತುದಿಯಲ್ಲಿ ಎಲ್ಲವೂ ಸುಲಭ. ಯೋಚನೆ ಮಾತ್ರ ನೀವೇ ಮಾಡಬೇಕು.

ಚಿತ್ರ ಮುಗಿದ ಮೇಲೆ ಮೊದಲು ಆ ಊರಿನ ಜನರಿಗೇ ತೋರಿಸಿ. “ಹೌದು, ಹಿಂಗೇ ಅದ” ಎಂದು ಅವರು ಒಪ್ಪಿದರೆ, ಅನಂತರ ಯಾವ ಅಧಿಕಾರಿಯ ಮುಂದೆಯೂ ಧೈರ್ಯವಾಗಿ ಇಡಬಹುದು.