ಚೆಕ್ಕುಬಂದಿಯೊಳಗಿನ ವಂಶಾವಳಿ

ಮನೆತನದ ಚರಿತ್ರೆ ಉಳಿಯಲಿ ಎಂದು ಯಾರೂ ಕ್ರಯಪತ್ರ ಬರೆಸುವುದಿಲ್ಲ. ಸಾಲ ತೀರಿಸಲು, ಮಗಳ ಮದುವೆಗೆ, ಅಣ್ಣತಮ್ಮಂದಿರ ಜಗಳ ಮುಗಿಸಲು ಬರೆಸುತ್ತಾರೆ. ಹಾಗಿದ್ದರೂ ಬೆಂಗಳೂರು ದಕ್ಷಿಣ ತಾಲ್ಲೂಕು, ಬೇಗೂರು ಹೋಬಳಿ, ಹುಳಿಮಾವು ಗ್ರಾಮ ಎಂದು ಶುರುವಾಗುವ ಹಳೆಯ ಪತ್ರವೊಂದು ಕೈಗೆ ಸಿಕ್ಕರೆ, ಅದರಲ್ಲಿ 'ಬಿನ್' ಎಂದು ತಂದೆ, 'ಕೋಂ' ಎಂದು ಗಂಡ, ಸಾಕ್ಷಿ ಹಾಕಿದ ನೆಂಟ, ಪತ್ರ ಬರೆದು ಬಿಕ್ಕಲಂ ಹಾಕಿದ ಶಾನುಭೋಗ, ಎಲ್ಲರೂ ಇರುತ್ತಾರೆ. ಯಾರಿದ್ದಾರೆ ಎಂಬುದಕ್ಕಿಂತ, ಯಾರನ್ನು ಬರೆಯಲೇಬೇಕು ಎಂದು ಆ ಕಾಲದ ಕಾನೂನು ಹೇಳಿತ್ತು ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಭೂದಾಖಲೆಗಳಿಂದ ವಂಶದ ಜಾಡು ಹಿಡಿಯುವ ಕೆಲಸ ನಮ್ಮಲ್ಲಿ ಬೆಳೆದದ್ದು ಕಾನೂನಿನ ಬೆನ್ನು ಹತ್ತಿಯೇ.

ಈ ಸೀಮೆಯ ಅತಿ ಹಳೆಯ ಭೂದಾಖಲೆಗಳಲ್ಲಿ ಒಂದು ಪಕ್ಕದ ಬೇಗೂರಿನದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಆ ವೀರಗಲ್ಲಿನಲ್ಲಿ ಯುದ್ಧದ ಚಿತ್ರವನ್ನೇ ಎಲ್ಲರೂ ನೋಡುತ್ತಾರೆ. ಬರಹ ಓದಿದರೆ ಅದೊಂದು ದಾನಪತ್ರ. ನಾಗತ್ತರ ಎಂಬ ವೀರ ಕಾದಾಡಿ ಸತ್ತ ಮೇಲೆ ಗಂಗರ ಎರೆಯಪ್ಪ, ಇರುಗನೆಂಬವನಿಗೆ ನಾಗತ್ತರ ಪಟ್ಟ ಕಟ್ಟಿ 'ಬೆಂಪೂರು ಹನ್ನೆರಡು' ಎಂಬ ಹಳ್ಳಿಗಳ ಗುಂಪನ್ನು ಕೊಟ್ಟ. ಕೊಟ್ಟ ಹಳ್ಳಿಗಳ ಹೆಸರು ಒಂದೊಂದಾಗಿ ಕಲ್ಲಿನಲ್ಲಿವೆ. ಇಂಥವನ್ನು ಊರೂರು ತಿರುಗಿ ಪ್ರತಿ ಮಾಡಿಸಿ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ 1886ರಲ್ಲಿ, ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಬಂದವು. ರೈಸ್‌ಗೆ ಬೇಕಿದ್ದದ್ದು ರಾಜವಂಶಗಳ ಸಾಲು. ಅದೇ ಶಾಸನಗಳಿಂದ ಜನಜೀವನವನ್ನು ಹೆಕ್ಕಿ ತೆಗೆಯುವ ಕೆಲಸಕ್ಕೆ 1960ರ ದಶಕದಲ್ಲಿ ಎಂ. ಚಿದಾನಂದಮೂರ್ತಿಯವರ ಸಾಂಸ್ಕೃತಿಕ ಅಧ್ಯಯನ ದಾರಿ ತೋರಿತು. ವಂಶದ ವಿಷಯಕ್ಕೆ ಬಂದರೆ ವಿಜಯನಗರ ಕಾಲದ ಅಗ್ರಹಾರದ ತಾಮ್ರಪಟಗಳು ಹೆಚ್ಚು ಉದಾರ: ವೃತ್ತಿ ಪಡೆದ ಒಬ್ಬೊಬ್ಬರ ತಂದೆ, ಗೋತ್ರ, ಸೂತ್ರ, ಶಾಖೆ ಅಲ್ಲಿರುತ್ತವೆ. ಆದರೆ ಆ ವೃತ್ತಿಯ ಗದ್ದೆಯನ್ನು ಉತ್ತವರ ಹೆಸರು ಇರುವುದಿಲ್ಲ.

ಉತ್ತವರು ಕಾಗದಕ್ಕೆ ಇಳಿದದ್ದು ಕಂದಾಯದ ದೆಸೆಯಿಂದ. ಶಾನುಭೋಗರ ಕಡತಗಳಲ್ಲಿ ನೆಲದ ಅಳತೆ ಖಂಡುಗ, ಕೊಳಗದಲ್ಲಿ. ಅಂದರೆ ಎಷ್ಟು ಬೀಜ ಹಿಡಿಯುತ್ತದೆ ಎಂಬ ಲೆಕ್ಕದಲ್ಲಿ. ಕಮಿಷನರುಗಳ ಆಳ್ವಿಕೆಯ 1860ರ ದಶಕದಲ್ಲಿ ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾಗಿ ಎಕರೆ, ಗುಂಟೆ, ಸರ್ವೆ ನಂಬರು ಬಂದವು. ಕುಟುಂಬದ ಜಾಡು ಹುಡುಕುವವರಿಗೆ ಈ ನಂಬರೇ ಗೂಟ. ಹೆಸರು ಬದಲಾಗುತ್ತದೆ, ಊರು ಲೇಔಟಾಗುತ್ತದೆ, ನಂಬರು ಪೋಡಿಯಾಗಿ ಒಡೆದರೂ ಮೂಲ ಅಂಕಿ ಉಳಿಯುತ್ತದೆ.

ಪತ್ರ ಓದುವವರು ಮೊದಲು ಮಾರಿದವನನ್ನು ನೋಡುತ್ತಾರೆ. ನಾನಾದರೆ ಚೆಕ್ಕುಬಂದಿಗೆ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಯ ವಿವರಕ್ಕೆ ಹೋಗುತ್ತೇನೆ. ಪೂರ್ವಕ್ಕೆ ಕೆರೆ ಅಂಗಳ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಮುನಿಯಪ್ಪ ಬಿನ್ ತಿಮ್ಮಯ್ಯನ ಜಮೀನು ಎಂದಿದ್ದು, ಮಾರಿದವನೂ ತಿಮ್ಮಯ್ಯನ ಮಗನೇ ಆಗಿದ್ದರೆ, ಇದಕ್ಕೂ ಹಿಂದೆ ಒಂದು ಪಾಲುಪಟ್ಟಿ ಆಗಿರಬೇಕು. ಬಾಯಿಮಾತಿನಲ್ಲೇ ಆದ ಪಾಲು ಹೀಗೆ ಪಕ್ಕದ ಜಮೀನಿನ ನೆಪದಲ್ಲಿ ಸಿಕ್ಕಿಬೀಳುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಇಸವಿ ಇಲ್ಲದೆ ಶ್ರೀಮುಖ ಸಂವತ್ಸರ ಎಂದಷ್ಟೇ ಇದ್ದರೆ ಅದು 1873-74 ಇರಬಹುದು, 1933-34 ಕೂಡ ಇರಬಹುದು. ಮೊಮ್ಮಗನಿಗೆ ತಾತನ ಹೆಸರಿಡುವ ನಮ್ಮ ಪದ್ಧತಿಯಲ್ಲಿ ಅರವತ್ತು ವರ್ಷಕ್ಕೆ ಅದೇ ರಾಮಯ್ಯ ಬಿನ್ ತಿಮ್ಮಯ್ಯ ಮತ್ತೆ ಹುಟ್ಟಿಬಂದಿರುತ್ತಾನೆ! ಇಬ್ಬರನ್ನು ಒಬ್ಬನೆಂದು ಎಣಿಸಿದರೆ ಎರಡು ತಲೆಮಾರು ಮಾಯ.

ನೋಂದಣಿ ಕಚೇರಿ ಈ ಕೆಲಸಕ್ಕೆ ದೊಡ್ಡ ಉಪಕಾರ ಮಾಡಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಪತ್ರಗಳು ಒಂದನೇ ಪುಸ್ತಕಕ್ಕೆ ಏರುತ್ತವೆ. ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನ ಸೂಚಿ ಒಂದು, ಆಸ್ತಿಯ ಸೂಚಿ ಇನ್ನೊಂದು. ಶುಲ್ಕ ಕಟ್ಟಿದವರು ಯಾರೇ ಆದರೂ ನೋಡಬಹುದು. ಅಮೆರಿಕದಲ್ಲಿ ವಂಶಾವಳಿ ಹುಡುಕುವವರು ಕೌಂಟಿ ಕಚೇರಿಗಳಲ್ಲಿ ತಿರುವಿಹಾಕುವುದೂ ಇಂಥ ಹೆಸರಿನ ಸೂಚಿಯನ್ನೇ. ನಮ್ಮಲ್ಲಿ ಜನ ಋಣಭಾರ ಪತ್ರಕ್ಕೆ ಅರ್ಜಿ ಹಾಕಿ, ಬ್ಯಾಂಕಿಗೆ ಕೊಟ್ಟು, ಮರೆತುಬಿಡುತ್ತಾರೆ.

ಭೂಮಿ ಇಲ್ಲದವರ ಕಥೆ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸ್ವಾತಂತ್ರ್ಯಾನಂತರದ ಕಾನೂನುಗಳಲ್ಲಿದೆ. 1954 ಮತ್ತು 1955ರಲ್ಲಿ ಮೈಸೂರಿನ ಇನಾಮು ರದ್ದತಿ ಕಾಯ್ದೆಗಳು, 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದವು. ತೋಟಿ, ತಳವಾರ, ನೀರಗಂಟಿಕೆಯ ಜಮೀನನ್ನು ಮರುಮಂಜೂರು ಮಾಡಿಸಿಕೊಳ್ಳಬೇಕಾದರೆ ಆ ಚಾಕರಿ ತಾತನಿಂದ ಬಂದದ್ದೆಂದು ತೋರಿಸಬೇಕಿತ್ತು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿದಾರರು ಭೂ ನ್ಯಾಯಮಂಡಳಿಗೆ ಹಾಕಿದ ನಮೂನೆ 7ರ ಅರ್ಜಿ, ಅದರ ಜೊತೆಗಿನ ಹೇಳಿಕೆ, ಮಹಜರು; ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ, ಪರಭಾರೆಯಾದ ಮಂಜೂರಾತಿ ಜಮೀನನ್ನು ವಾಪಸು ಕೇಳಿದ ದಲಿತ ಕುಟುಂಬಗಳ ಕಡತ: ಇವುಗಳಲ್ಲಿ ಸಾಮಾನ್ಯರ ವಂಶಾವಳಿ ಅವರ ಬಾಯಲ್ಲೇ ಇದೆ. ತಾಮ್ರಪಟಗಳ ಮೇಲೆ ಬಂದಷ್ಟು ಪುಸ್ತಕ ಈ ಫೈಲುಗಳ ಮೇಲೆ ಬಂದಿಲ್ಲದಿರುವುದು ನಮ್ಮ ಇತಿಹಾಸಕಾರರ ಅಭಿರುಚಿಯ ಪ್ರಶ್ನೆ.

ಹೆಣ್ಣುಮಕ್ಕಳದು ಬೇರೆಯೇ ಕಥೆ. ಮೈಸೂರು 1933ರಲ್ಲೇ ಕಾಯ್ದೆ ಮಾಡಿ ವಿಭಾಗದಲ್ಲಿ ಅವರಿಗೆ ಒಂದಿಷ್ಟು ಪಾಲು ಇಟ್ಟಿತ್ತು. ಆದರೂ ಹಳೆಯ ಪಾಲುಪಟ್ಟಿಗಳಲ್ಲಿ ಮದುವೆಯಾಗಿ ಹೋದ ಮಗಳನ್ನು ಹುಡುಕುವುದು ವ್ಯರ್ಥ. ಮಗಳಿಗೂ ಪಾಲು ಕೊಡುವಂತೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರ ಜುಲೈನಿಂದ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂತು, 2005ರಲ್ಲಿ ಕೇಂದ್ರದ್ದು. ಅಲ್ಲಿಂದಾಚೆ ಕೊಳ್ಳುವವರು ಸಹೋದರಿಯರ ಸಹಿ ಕೇಳತೊಡಗಿದರು. ಹಕ್ಕು ಖುಲಾಸೆ ಪತ್ರಗಳಲ್ಲಿ ಅವರ ಹೆಸರು, ವಯಸ್ಸು, ಗಂಡನ ಊರು ಬಂದವು. ಯಾವ ಊರಿಗೆ ಹೆಣ್ಣು ಕೊಟ್ಟರು ಎಂಬ ನಕ್ಷೆ ಇವುಗಳಿಂದಲೇ ಬರೆಯಬಹುದು. ಪಾಲು ಬಿಟ್ಟುಕೊಡುವ ಕಾಗದದಲ್ಲೇ ಅವರು ಮೊದಲ ಸಲ ಕಾಣಿಸಿಕೊಂಡರು ಎನ್ನುವುದನ್ನೂ ಮರೆಯಬಾರದು. ಖಾತೆ ಬದಲಾವಣೆಗೆ ಕೊಡುವ ವಂಶವೃಕ್ಷವನ್ನು ಪ್ರಮಾಣಪತ್ರದ ಮೇಲೆ ಮಾಡಿಕೊಡುವುದರಿಂದ, ಅದನ್ನು ಖುಲಾಸೆ ಪತ್ರದ ಪಕ್ಕ ಇಟ್ಟೇ ನಂಬಬೇಕು.

ಬೆಂಗಳೂರಿನ ನೆಲದ ಜಗಳಗಳನ್ನು ಜಾನಕಿ ನಾಯರ್ 2005ರ ತಮ್ಮ ಪುಸ್ತಕದಲ್ಲಿ ನಗರದ ಚರಿತ್ರೆಯಾಗಿ ಬಿಡಿಸಿಟ್ಟರು. ಆ ಹೊತ್ತಿಗೆ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿಯಾಗಿತ್ತು, 'ಕಾವೇರಿ' ನೋಂದಣಿಯನ್ನು ಏರಿಸುತ್ತಿತ್ತು. 2021ರಿಂದ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಕಲ್ಲುಗಳನ್ನು ತ್ರಿಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ತಾಲ್ಲೂಕು ದಾಖಲೆ ಕೊಠಡಿಗಳ ಹಳೆಯ ಕಾಗದವೂ ಈಚೆಗೆ ಸ್ಕ್ಯಾನ್ ಆಗುತ್ತಿದೆ. ಆದರೆ ಚಿತ್ರ ತೆಗೆದರೆ ಸಾಲದು. ಶಾನುಭೋಗರ ಕೂಡುಗೆರೆಯ ಕೈಬರಹ ಓದಿ, ಸಾಕ್ಷಿಯ ಮತ್ತು ಚೆಕ್ಕುಬಂದಿಯ ಹೆಸರುಗಳನ್ನೂ ಸೂಚಿಗೆ ಸೇರಿಸುವವರು ಬೇಕು. ಈ ಹಳೆಯ ಕಾಗದ ಈಗ ಸಿಗುವುದು ಹೆಚ್ಚಾಗಿ ಸರ್ವೆ ನಂಬರು ಗೊತ್ತಿದ್ದವರಿಗೆ.

ಹುಳಿಮಾವಿಗೆ ಇಂದು ಬನ್ನೇರುಘಟ್ಟ ರಸ್ತೆ ಹಿಡಿದು ಬಂದು ನೆಲೆಸುತ್ತಿರುವವರಲ್ಲಿ ಬಾಡಿಗೆಯವರು, ಪಿಜಿಗಳಲ್ಲಿ ಇರುವವರು ಬಹಳ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ನಿಲ್ಲುತ್ತದೆ. ಸ್ಟಾಂಪ್ ಪೇಪರಿನ ಆ ಕರಾರಿನಲ್ಲಿ ತಂದೆಯ ಹೆಸರೂ ಸ್ವಂತ ಊರಿನ ವಿಳಾಸವೂ ಇರುತ್ತವೆ. ಅವಧಿ ಮುಗಿದು ಅಡ್ವಾನ್ಸ್ ವಾಪಸಾದ ಮೇಲೆ ಅದನ್ನು ಹರಿದುಹಾಕುತ್ತಾರೆ.